ಸೋತ ಆಟದ ಮೊದಲ 16 ನಡೆ

(ಜಯನಗರದ ಒಂದು ಸಣ್ಣ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು. ಅಲ್ಲಿ ಬೋರ್ಡ್ ಮೇಲೆ ಬೆರಳಿಟ್ಟು ತೋರಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಸೋತ ಗೋ ಆಟ ನೋಡೋಣ. ಪೂರ್ತಿ ಆಟ ಅಲ್ಲ, ಮೊದಲ 16 ನಡೆ ಮಾತ್ರ. ಆಟ ಇಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರಲ್ಲ, ಇವರದು. ಇಂಜಿನಿಯರಿಂಗ್ ಓದುತ್ತಿದ್ದಾರೆ. ಊರಲ್ಲೇ ನಡೆದ ಒಂದು ಟೂರ್ನಮೆಂಟ್‌ನ ಮೂರನೇ ಸುತ್ತಿನಲ್ಲಿ ಕಪ್ಪು ಕಲ್ಲು ಹಿಡಿದು ಆಡಿ ಸೋತರು. "ಆಟ ತೋರಿಸಿ ಸಾರ್, ಹೆಸರು ಮಾತ್ರ ಬೇಡ" ಅಂದಿದ್ದಾರೆ. ನಾನು ಏನಾದರೂ ತಪ್ಪು ಹೇಳಿದರೆ ಕೂತ ಕಡೆಯಿಂದಲೇ ತಡೆಯುತ್ತಾರೆ. ಆಗಲೇ ಎರಡು ಸಲ ತಡೆದಿದ್ದಾರೆ, ಮಾತು ಶುರುವಾಗುವ ಮುಂಚೆಯೇ.

ಗೋ ಗೊತ್ತಿಲ್ಲದವರು ಕೆಲವರು ಬಂದಿದ್ದೀರಿ. ನಿಮಗಾಗಿ ಎರಡು ಮಾತು. ಬೋರ್ಡ್ ಮೇಲೆ ಉದ್ದಕ್ಕೆ 19 ಗೆರೆ, ಅಡ್ಡಕ್ಕೆ 19 ಗೆರೆ. ಒಟ್ಟು 361 ಜಾಗ. ಹುಲಿ-ಕುರಿ ಆಡಿದವರಿಗೆ ಇದು ಹೊಸದಲ್ಲ. ಕಾಯಿ ಇಡುವುದು ಚೌಕದ ಒಳಗಲ್ಲ, ಗೆರೆಗಳು ಕೂಡುವ ಕಡೆ. ಇಟ್ಟ ಕಲ್ಲು ಆಮೇಲೆ ಜರುಗುವುದಿಲ್ಲ. ಎಲ್ಲ ಕಡೆಯಿಂದ ಮುಚ್ಚಿಕೊಂಡು ಉಸಿರಿಗೆ ಜಾಗ ಇಲ್ಲದೆ ಹೋದರೆ ಮಾತ್ರ ಬೋರ್ಡ್‌ನಿಂದ ಎತ್ತುತ್ತಾರೆ. ಕೊನೆಗೆ ಯಾರು ಜಾಸ್ತಿ ಜಾಗ ಸುತ್ತುವರಿದಿರುತ್ತಾರೋ ಅವರು ಗೆದ್ದ ಹಾಗೆ. ಕಪ್ಪು ಮೊದಲು ಆಡುತ್ತದೆ. ಅದು ಲಾಭ. ಅದಕ್ಕೇ ಬಿಳಿಗೆ ಕೋಮಿ ಅಂತ ಕೆಲವು ಅಂಕ ಮೊದಲೇ ಕೊಡುತ್ತಾರೆ. ಜಪಾನಿನ ನಿಯಮದಲ್ಲಿ 6.5, ಚೀನಾದ ನಿಯಮದಲ್ಲಿ 7.5. ಅರ್ಧ ಅಂಕ ಯಾಕೆ ಅಂದರೆ, ಆಟ ಸಮಬಲ ಆಗಬಾರದು ಅಂತ.

ಎಲ್ಲರೂ ಮೂಲೆಯಿಂದಲೇ ಯಾಕೆ ಶುರುಮಾಡುತ್ತಾರೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಮೂರಕ್ಕೆ ಮೂರು, ಒಂಬತ್ತು ಅಂಕದ ಜಾಗ ಕಟ್ಟಬೇಕು ಅಂದುಕೊಳ್ಳಿ. ಮೂಲೆಯಲ್ಲಿ 6 ಕಲ್ಲು ಸಾಕು. ಬದಿಯಲ್ಲಿ 9 ಬೇಕು. ನಡುವಿನಲ್ಲಾದರೆ 12. ಅದಕ್ಕೇ ಮೊದಲು ಮೂಲೆ, ಆಮೇಲೆ ಬದಿ, ಕೊನೆಗೆ ನಡು. ಈ ಮೊದಲ ಹಂತಕ್ಕೆ ಫುಸೇಕಿ ಅನ್ನುತ್ತಾರೆ. ಮೂಲೆಯಲ್ಲಿ ಇಬ್ಬರಿಗೂ ನ್ಯಾಯ ಅನ್ನಿಸುವ, ಆಡಿ ಆಡಿ ಗಟ್ಟಿಯಾದ ನಡೆಗಳ ಸರಣಿ ಜೋಸೆಕಿ.

ಈಗ ವಿಷಯಕ್ಕೆ ಬರೋಣ. ಇವರು ಸೋತದ್ದು ಫುಸೇಕಿಯಲ್ಲಿ ಅಲ್ಲ. ಆಟ ಅರ್ಧ ದಾಟಿದ ಮೇಲೆ ಎಡ ಕೆಳಗಡೆ ಇವರ ಒಂದು ದೊಡ್ಡ ಗುಂಪು ಸತ್ತುಹೋಯಿತು. ಗಡಿಯಾರ ಬ್ಯೋ-ಯೋಮಿಗೆ ಬಂದಿತ್ತು, ಒಂದೊಂದು ನಡೆಗೂ ಕೆಲವೇ ಸೆಕೆಂಡು. ಒಂದು ನಡೆ ಆಚೀಚೆ ಆಯಿತು, ಗುಂಪು ಹೋಯಿತು. ಹಾಗಿದ್ದ ಮೇಲೆ ಓಪನಿಂಗ್ ಯಾಕೆ ನೋಡಬೇಕು? ನನ್ನ ಜೊತೆ ಆಡುವವರು ತುಂಬ ಜನ ಇದನ್ನು ಕೇಳುತ್ತಾರೆ. ಸೋಲು ಎಲ್ಲಾಯಿತೋ ಅಲ್ಲಿಗೆ ಸೀದಾ ಹೋಗಿ, ಆ ಒಂದು ನಡೆ ನೋಡಿ, "ಅಯ್ಯೋ" ಅಂದು ಫೈಲ್ ಮುಚ್ಚುತ್ತಾರೆ.

ನಾನು ಹೇಳುವುದು ಇಷ್ಟೇ. ಆ ಗುಂಪು ಸತ್ತ ಆಕಾರ ಇವರ ಮುಂದಿನ ಆಟದಲ್ಲಿ ಮತ್ತೆ ಬರುವುದೇ ಅನುಮಾನ. 19 ಗೆರೆಯ ಬೋರ್ಡ್ ಮೇಲೆ ನಿಯಮಕ್ಕೆ ಒಪ್ಪುವ ಸ್ಥಿತಿಗಳು ಎಷ್ಟಿರಬಹುದು ಅಂತ ಜಾನ್ ಟ್ರಾಂಪ್ ಎಂಬವರು 2016ರಲ್ಲಿ ಲೆಕ್ಕ ಹಾಕಿ ಮುಗಿಸಿದರು. ಅದು 171 ಅಂಕಿಗಳ ಸಂಖ್ಯೆ. ಆದರೆ ಏಳನೇ ನಡೆಯಲ್ಲಿ ಇವರು ಹೇಗೆ ಯೋಚನೆ ಮಾಡಿದರೋ, ಆ ಯೋಚನೆ ಪ್ರತಿ ಆಟದಲ್ಲೂ ಬರುತ್ತದೆ. ಗೆದ್ದ ಆಟದಲ್ಲೂ ಬಂದಿರುತ್ತದೆ. ಗೆದ್ದಾಗ ನಾವು ನೋಡುವುದಿಲ್ಲ ಅಷ್ಟೇ. ಓಪನಿಂಗ್ ಬಿಡಿಸಿ ನೋಡುವುದು ಸೋಲಿಗೆ ಕಾರಣ ಹುಡುಕಲು ಅಲ್ಲ, ನಮ್ಮ ಚಾಳಿ ಯಾವುದು ಅಂತ ತಿಳಿಯಲು.

ಓಪನಿಂಗ್ ಬೇರೆ, ಸೋಲು ಬೇರೆ ಅನ್ನುವುದಕ್ಕೆ ಗೋ ಚರಿತ್ರೆಯಲ್ಲೇ ದೊಡ್ಡ ಉದಾಹರಣೆ ಇದೆ. 1933ರ ಅಕ್ಟೋಬರ್‌ನಲ್ಲಿ ಜಪಾನಿನ ಯೋಮಿಯುರಿ ಪತ್ರಿಕೆ ಒಂದು ಪಂದ್ಯ ನಡೆಸಿತು. ಒಂದು ಕಡೆ ಆಗಿನ ಮೇಜಿನ್, ಅಂದರೆ ಗೋ ಆಟದ ಅತಿ ದೊಡ್ಡ ಪದವಿಯವರು, ಹೊನಿನ್ಬೊ ಅನ್ನುವ ಗೋ ಮನೆತನದ ಶೂಸೈ. ಇನ್ನೊಂದು ಕಡೆ ಚೀನಾದಿಂದ ಬಂದಿದ್ದ 19 ವರ್ಷದ ಹುಡುಗ, ಗೋ ಸೈಗೆನ್. ಹುಡುಗ ಮೊದಲ ಕಲ್ಲನ್ನು ಮೂಲೆಯ 3-3ರಲ್ಲಿ, ಅಂದರೆ ಎರಡೂ ಅಂಚಿನಿಂದ ಎಣಿಸಿದ ಮೂರನೇ ಗೆರೆಗಳು ಕೂಡುವ ಕಡೆ, ಇಟ್ಟ. ಹೊನಿನ್ಬೊ ಮನೆತನದಲ್ಲಿ ಅದು ಆಡಬಾರದ ನಡೆ. ಎರಡನೆಯದು ಎದುರು ಮೂಲೆಯ 4-4. ಮೂರನೆಯದು ಬೋರ್ಡಿನ ನಟ್ಟನಡುವೆ, ತೆಂಗೆನ್‌ನಲ್ಲಿ. ಆಟ ಮಧ್ಯೆ ಮಧ್ಯೆ ನಿಂತು, ಮತ್ತೆ ಶುರುವಾಗಿ, ಮುಂದಿನ ಜನವರಿಯವರೆಗೂ ನಡೆಯಿತು. ಆಗ ಕೋಮಿ ಇರಲಿಲ್ಲ. ಆದರೂ ಹುಡುಗ ಎರಡು ಅಂಕದಿಂದ ಸೋತ. ಸೋತದ್ದು ಆ ಮೂರು ಕಲ್ಲಿನಿಂದ ಅಂತ ಯಾರೂ ಹೇಳುವುದಿಲ್ಲ. ಆಟ ತಿರುಗಿದ್ದು ಬಿಳಿಯ 160ನೇ ನಡೆಯಲ್ಲಿ. ಗೋ ಸೈಗೆನ್ ಮತ್ತು ಜಪಾನಿನ ಇನ್ನೊಬ್ಬ ಆಟಗಾರ ಕಿಟಾನಿ ಮಿನೋರು ಆ ಕಾಲದಲ್ಲಿ ಶುರುಮಾಡಿದ ಹೊಸ ಫುಸೇಕಿ ಆಟದ ದಾರಿಯನ್ನೇ ಬದಲಿಸಿತು.

ಸರಿ, ದೊಡ್ಡವರ ಆಟ ಅದು. ನಮ್ಮದಕ್ಕೆ ಬರೋಣ.

ಆಟ ಬಿಡಿಸುವ ಮೊದಲು ನಾನು ಇವರ ಹತ್ತಿರ ಒಂದು ಕೆಲಸ ಮಾಡಿಸಿದೆ. ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ನೆನಪಿನಿಂದ ಬೋರ್ಡ್ ಮೇಲೆ ಕಲ್ಲು ಇಡಬೇಕು, ಒಂದೊಂದು ನಡೆಗೂ ಯಾಕೆ ಅಲ್ಲಿ ಇಟ್ಟಿರಿ ಅಂತ ಒಂದು ಸಾಲು ಬರೆಯಬೇಕು. "ಸುಮ್ನೆ ಇಟ್ಟೆ" ಅಂತ ಬರೆದರೂ ಪರವಾಗಿಲ್ಲ, ಸುಳ್ಳು ಬರೆಯಬಾರದು. ಈ ಕೆಲಸ ಕಂಪ್ಯೂಟರ್ ನೋಡುವ ಮುಂಚೆಯೇ ಆಗಬೇಕು. ಒಂದು ಸಲ ಒಳ್ಳೆಯ ನಡೆ ಇದು ಅಂತ ತೋರಿಸುವ ಅದರ ನೀಲಿ ಚುಕ್ಕೆ ಕಂಡರೆ ಮುಗಿಯಿತು. ಆಮೇಲೆ "ನಾನೂ ಅಲ್ಲೇ ಇಡೋಣ ಅಂದುಕೊಂಡಿದ್ದೆ" ಅಂತ ನಮ್ಮ ತಲೆ ಕಥೆ ಕಟ್ಟುತ್ತದೆ. ಎಲ್ಲರ ತಲೆಯೂ ಕಟ್ಟುತ್ತದೆ.

ಮೊದಲ ಐದು ನಡೆ ಬೇಗ ಮುಗಿಸುತ್ತೇನೆ. ಕಪ್ಪು ಬಲ ಮೇಲ್ಮೂಲೆಯ 4-4, ಅಂದರೆ ಹೋಶಿ, ನಕ್ಷತ್ರದ ಚುಕ್ಕೆ. ಬಿಳಿ ಎಡ ಮೇಲ್ಮೂಲೆಯ ಹೋಶಿ. ಕಪ್ಪು ಬಲ ಕೆಳಮೂಲೆಯಲ್ಲಿ 3-4, ಅದು ಕೊಮೊಕು. ಬಿಳಿ ಎಡ ಕೆಳಮೂಲೆಯಲ್ಲೂ ಹೋಶಿ. ಐದನೇ ನಡೆಯಲ್ಲಿ ಕಪ್ಪು ಬಲ ಕೆಳಮೂಲೆಗೆ ಇನ್ನೊಂದು ಕಲ್ಲು ಹಾಕಿ ಭದ್ರ ಮಾಡಿಕೊಂಡಿತು. ಅದು ಶಿಮಾರಿ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ.

ಈಗ ಬೋರ್ಡ್ ನೋಡಿ. ಎಡ ಅರ್ಧ ಬಿಳಿ, ಬಲ ಅರ್ಧ ಕಪ್ಪು. ಬಲ ಬದಿಯಲ್ಲಿ ಮೇಲೆ ಒಂದು ಹೋಶಿ, ಕೆಳಗೆ ಒಂದು ಶಿಮಾರಿ, ನಡುವೆ ಖಾಲಿ ಬಯಲು. ಆ ಬಯಲು ಇನ್ನೂ ಯಾರದೂ ಅಲ್ಲ. ಆದರೆ ಅಲ್ಲಿ ಕೆಲಸ ಶುರುವಾದರೆ ಕಪ್ಪಿಗೆ ಶಕ್ತಿ ಜಾಸ್ತಿ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಆರನೇ ನಡೆಯಲ್ಲಿ ಬಿಳಿ ಸೀದಾ ಬಲ ಮೇಲ್ಮೂಲೆಯ 3-3ಕ್ಕೆ ನುಗ್ಗಿತು, ಕಪ್ಪು ಹೋಶಿಯ ಕಂಕುಳಿಗೆ. ಹತ್ತು-ಹನ್ನೆರಡು ವರ್ಷದ ಹಿಂದೆ ಯಾರಾದರೂ ಆರನೇ ನಡೆಗೇ ಹೀಗೆ ಆಡಿದ್ದರೆ ಕಲಿಸುವವರು ಬೈಯುತ್ತಿದ್ದರು. ಮೂಲೆಯಲ್ಲಿ ಚೂರು ಜಾಗ ಸಿಗುತ್ತದೆ, ಹೊರಗೆ ಎದುರಾಳಿಗೆ ಗೋಡೆ ಸಿಗುತ್ತದೆ, ಇಷ್ಟು ಬೇಗ ಯಾಕೆ ಅಂತ. 2016ರ ಮಾರ್ಚ್‌ನಲ್ಲಿ ಸಿಯೋಲ್‌ನಲ್ಲಿ ಆಲ್ಫಾಗೋ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ವೃತ್ತಿಪರ ಆಟಗಾರ ಲೀ ಸೆಡೋಲ್ ಅವರನ್ನು 4-1ರಲ್ಲಿ ಸೋಲಿಸಿತು. ಅದೇ ವರ್ಷದ ಕೊನೆಗೆ ಅದರ ಹೊಸ ರೂಪ 'ಮಾಸ್ಟರ್' ಅನ್ನುವ ಹೆಸರಿನಲ್ಲಿ ಇಂಟರ್ನೆಟ್‌ಗೆ ಇಳಿದು, ದೊಡ್ಡ ದೊಡ್ಡ ವೃತ್ತಿಪರರ ಮೇಲೆ ಸಾಲಾಗಿ 60 ಆಟ ಗೆದ್ದಿತು. ಆ ಆಟಗಳಲ್ಲಿ ಈ ಬೇಗನೆಯ 3-3 ಬಂತು. ಮೊದಲು ನಕ್ಕವರಿದ್ದರು. ಸ್ವಲ್ಪ ದಿನದಲ್ಲಿ ಎಲ್ಲರೂ ಆಡತೊಡಗಿದರು. ಈಗ ಬೆಂಗಳೂರಿನಲ್ಲಿ ಆಟ ಕಲಿತು ಆರು ತಿಂಗಳಾದವರೂ ಆಡುತ್ತಾರೆ. ತಪ್ಪಲ್ಲ. ಆದರೆ ಎದುರಿಗೆ ಕೂತವರು ಒಂದು ಪ್ರಶ್ನೆಗೆ ಉತ್ತರ ಹೇಳಲೇಬೇಕಾಗುತ್ತದೆ: ಯಾವ ಕಡೆಯಿಂದ ತಡೆಯಬೇಕು?

ತಡೆಯಲು ಎರಡು ಜಾಗ ಇವೆ. ಮೇಲಿನ ಬದಿಯ ಕಡೆ ಕಲ್ಲು ಇಟ್ಟರೆ ಬಿಳಿ ಬಲ ಬದಿಯಲ್ಲಿ ಕೆಳಕ್ಕೆ ಹರಿಯುತ್ತದೆ. ಬಲ ಬದಿಯ ಕಡೆ ಇಟ್ಟರೆ ಬಿಳಿ ಮೇಲಿನ ಬದಿಯಲ್ಲಿ ಎಡಕ್ಕೆ ಹೋಗುತ್ತದೆ. ಮೂಲೆಯನ್ನು ಮಾತ್ರ ನೋಡಿದರೆ ಎರಡೂ ಒಂದೇ. ಕನ್ನಡಿಯಲ್ಲಿ ನೋಡಿದ ಹಾಗೆ ಕಲ್ಲು ಕಲ್ಲಿಗೂ ಸರಿಸಮ. ವ್ಯತ್ಯಾಸ ಇರುವುದೆಲ್ಲ ಮೂಲೆಯ ಹೊರಗೆ.

ಇವರು ಮೇಲಿನಿಂದ ತಡೆದರು. ಹಾಳೆಯಲ್ಲಿ ಬರೆದ ಸಾಲು ಓದುತ್ತೇನೆ: "ಬಿಳಿ ಎಡ ಮೇಲ್ಮೂಲೆ ಜೊತೆ ಸೇರ್ಕೋಬಾರ್ದು ಅಂತ."

ನೋಡಿ, ಈ ಸಾಲು ನನಗೆ ತುಂಬ ಇಷ್ಟವಾಯಿತು. ಪೂರ್ತಿ ಆಟ ಇದರಲ್ಲೇ ಇದೆ. ಇದು ಮೂರ್ಖ ಯೋಚನೆ ಅಲ್ಲ. ಎದುರಾಳಿ ಏನು ಮಾಡಬಹುದು ಅಂತ ನೋಡಿದ್ದಾರೆ, ಅದನ್ನು ನಿಲ್ಲಿಸಿದ್ದಾರೆ. ಆದರೆ ಸಾಲಿನಲ್ಲಿ ಎಷ್ಟು ಕಪ್ಪು ಕಲ್ಲು ಇವೆ? ಒಂದೂ ಇಲ್ಲ. ಆಗಷ್ಟೇ ಒಂದು ಪೂರ್ತಿ ನಡೆ ಖರ್ಚು ಮಾಡಿ ಬಲ ಕೆಳಗೆ ಶಿಮಾರಿ ಕಟ್ಟಿದ್ದಾರೆ. ಎರಡೇ ನಡೆಯ ಹಿಂದೆ! ಅದು ಈ ಸಾಲಿನಲ್ಲಿ ಇಲ್ಲ.

ಮುಂದೆ ಆದದ್ದು ಹೀಗೆ. ಎಂಟರಲ್ಲಿ ಬಿಳಿ ಮೂರನೇ ಗೆರೆಯ ಮೇಲೆ ಕೆಳಕ್ಕೆ ಚಾಚಿತು. ಒಂಬತ್ತರಲ್ಲಿ ಕಪ್ಪು ನಾಲ್ಕನೇ ಗೆರೆಯ ಮೇಲೆ ಜೊತೆಗೇ ಚಾಚಿತು. ಹತ್ತು, ಬಿಳಿ ಇನ್ನೊಂದು ಹೆಜ್ಜೆ. ಹನ್ನೊಂದು, ಕಪ್ಪು ಇನ್ನೊಂದು ಹೆಜ್ಜೆ. ಹನ್ನೆರಡರಲ್ಲಿ ಬಿಳಿ ಒಂದು ಜಾಗ ಬಿಟ್ಟು ಮುಂದಕ್ಕೆ ನೆಗೆಯಿತು. ಈಗ ಇವರಿಗೆ ನಾಲ್ಕನೇ ಗೆರೆಯ ಮೇಲೆ ಚೆಂದದ ಗೋಡೆ ಇದೆ. ಗಟ್ಟಿ ಗೋಡೆ. ಯಾವ ಕಡೆ ಮುಖ ಮಾಡಿದೆ? ಎಡಕ್ಕೆ. ಎಡಕ್ಕೆ ಏನಿದೆ? ದೂರದಲ್ಲಿ ಬಿಳಿಯ ಎರಡು ಹೋಶಿ. ಗೋಡೆಯ ಬೆನ್ನಿಗೆ, ಬಲ ಬದಿಯಲ್ಲಿ, ಬಿಳಿ ಕಲ್ಲುಗಳು ಸಾಲಾಗಿ ಇವರ ಶಿಮಾರಿಯ ಕಡೆಗೇ ನಡೆದುಕೊಂಡು ಬರುತ್ತಿವೆ.

ಬಲದಿಂದ ತಡೆದಿದ್ದರೆ? ಬೋರ್ಡ್ ಮೇಲೆ ಇಟ್ಟು ತೋರಿಸುತ್ತೇನೆ. ಇದೇ ನಡೆಗಳು, ಕನ್ನಡಿಯಲ್ಲಿ. ಬಿಳಿ ಮೇಲಿನ ಬದಿಯಲ್ಲಿ ಮೂರನೇ ಗೆರೆ ಹಿಡಿದು ಎಡಕ್ಕೆ ಹೋಗುತ್ತದೆ, ತನ್ನ ಹೋಶಿಯ ಕಡೆಗೆ. ಸೇರಿಕೊಳ್ಳಲಿ. ಅಲ್ಲಿ ಬಿಳಿಗೆ ಸಿಗುವುದು ತಗ್ಗಾದ, ಚಪ್ಪಟೆ ಜಾಗ. ಕಪ್ಪಿನ ಗೋಡೆ ಕೆಳಕ್ಕೆ ಮುಖ ಮಾಡುತ್ತದೆ. ಕೆಳಗೆ ಶಿಮಾರಿ ಕಾಯುತ್ತಿದೆ. ನಡುವಿನ ಬಯಲಿಗೆ ಎರಡು ಕಡೆಯಿಂದಲೂ ಕಪ್ಪು ಒತ್ತು. ಅಗಲ ಇರುವ ಕಡೆಯಿಂದ, ನಮ್ಮವರು ಇರುವ ಕಡೆಯಿಂದ ತಡೆ ಅಂತ ಹಳಬರು ಹೇಳುವುದು ಇದನ್ನೇ. ಕಂಪ್ಯೂಟರ್ ಬಂದ ಮೇಲೆ ಎಷ್ಟೋ ಹಳೆಯ ಮಾತು ಬಿದ್ದುಹೋದವು. ಇದು ಮಾತ್ರ ಗಟ್ಟಿಯಾಗಿ ನಿಂತಿದೆ.

ಇಲ್ಲಿ ಇವರು ಕೈ ಎತ್ತಿದರು. "ಸಾರ್, ಕಟಾಗೋ ಏಳನೇ ನಡೆಗೆ ಎರಡು ಅಂಕಾನೂ ಕಳೆಯಲ್ಲ. ನೀವು ಅದನ್ನ ಜಾಸ್ತಿ ದೊಡ್ಡದು ಮಾಡ್ತಿದ್ದೀರ."

ಹೌದು, ಅವರು ಹೇಳಿದ್ದು ಸರಿ. ಕಟಾಗೋ ಅಂದರೆ 2019ರಲ್ಲಿ ಬಂದ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಪ್ರೋಗ್ರಾಂ. ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳುವುದಲ್ಲದೆ, ಎಷ್ಟು ಅಂಕದಿಂದ ಮುಂದಿದ್ದೀರಿ ಅಂತಲೂ ಹೇಳುತ್ತದೆ. ನಮ್ಮಂಥವರಿಗೆ ಅಂಕದ ಲೆಕ್ಕವೇ ವಾಸಿ. ಶೇಕಡಾ ನೋಡಿದರೆ ಹೆದರಿಕೆಯಾಗುತ್ತದೆ. ಆದರೆ ಒಂದು ಮಾತು. ಎರಡಕ್ಕಿಂತ ಕಮ್ಮಿ ಅಂಕ ಅಂತ ಅದು ಹೇಳುವುದು, ಏಳರ ಆಮೇಲೆ ಎರಡೂ ಕಡೆ ಅದೇ ಆಡಿದರೆ. ಅದಕ್ಕೆ ಎಡಕ್ಕೆ ಮುಖ ಮಾಡಿದ ಗೋಡೆಯನ್ನೂ ಬಳಸಲು ಬರುತ್ತದೆ. ನಡುವಿನಲ್ಲಿ ನೂರು ನಡೆ ಆದಮೇಲೆ ಎಲ್ಲೋ ಜಗಳ ಹತ್ತಿದಾಗ ಆ ಗೋಡೆಯ ಸಾಲ ವಸೂಲು ಮಾಡುತ್ತದೆ. ನಮಗೆ ಬರುವುದಿಲ್ಲ. ನಮಗೆ ಕೆಳಕ್ಕೆ, ಶಿಮಾರಿಯ ಕಡೆಗೆ ಮುಖ ಮಾಡಿದ ಗೋಡೆ ಆಡಲು ಸುಲಭ. ನಂಬರ್ ಸಣ್ಣದಿದ್ದರೂ, ಆಮೇಲಿನ ಆಟ ಯಾರಿಗೆ ಸಲೀಸು ಅನ್ನುವುದನ್ನು ಆ ನಂಬರ್ ಹೇಳುವುದಿಲ್ಲ.

ಅವರು ಪೂರ್ತಿ ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ. ಇರಲಿ.

ಕಟಾಗೋಗೆ ಹೊಟ್ಟೆ ಉರಿದದ್ದು ಏಳನೇ ನಡೆ ನೋಡಿ ಅಲ್ಲ. ಹದಿನೈದು ನೋಡಿ. ನನಗೂ ಅಷ್ಟೇ.

ಹದಿಮೂರರಲ್ಲಿ ಇವರು ಎಡ ಮೇಲ್ಮೂಲೆಯ ಬಿಳಿ ಹೋಶಿಗೆ ಮೇಲಿನ ಬದಿಯಿಂದ ಹತ್ತಿರ ಹೋದರು, ಕಾಕಾರಿ. ಬಿಳಿ ಹದಿನಾಲ್ಕರಲ್ಲಿ ಎಡ ಬದಿಯಲ್ಲಿ ಸಮಾಧಾನವಾಗಿ ಉತ್ತರ ಕೊಟ್ಟಿತು. ಹದಿನೈದರಲ್ಲಿ ಇವರು ಮೇಲಿನ ಬದಿಯಲ್ಲಿ, ಗೋಡೆಗೂ ಕಾಕಾರಿಯ ಕಲ್ಲಿಗೂ ನಡುವೆ, ಒಂದು ಕಲ್ಲು ಇಟ್ಟರು. ಮೇಲಿನ ಬದಿ ಎಲ್ಲ ಕಪ್ಪಾಯಿತು. ಹಾಳೆಯಲ್ಲಿ: "ಗೋಡೆ ವೇಸ್ಟ್ ಆಗ್ಬಾರ್ದು ಅಂತ ಜಾಗ ಮಾಡ್ಕೊಂಡೆ."

ಈ ನಡೆ ನೋಡಲು ಎಷ್ಟು ಚೆನ್ನಾಗಿದೆ ಅಂದರೆ, ಇಲ್ಲಿ ಕೂತವರಲ್ಲಿ ಅರ್ಧ ಜನ ತಲೆಯಾಡಿಸಿದಿರಿ. ಗಮನಿಸಿದೆ. ಆದರೆ ಲೆಕ್ಕ ಹಾಕಿ. ಗೋಡೆಯ ಮುಂದಿನ ಆ ಜಾಗಕ್ಕೆ ಬಿಳಿ ಬಂದರೆ ಏನಾಗುತ್ತಿತ್ತು? ಗೋಡೆಗೆ ಒತ್ತಿ ಹಿಡಿದು ಅಟ್ಟಾಡಿಸಬಹುದಿತ್ತು. ಬಿಳಿಗೆ ಅಲ್ಲಿಗೆ ಬರುವ ಮನಸ್ಸೇ ಇರಲಿಲ್ಲ. ಯಾರೂ ಬರದ ಕಡೆ ಇವರು ಬಾಗಿಲು ಹಾಕಿ ಬೀಗ ಜಡಿದರು. ಗೋಡೆಯ ಶಕ್ತಿ ಇರುವುದು ಹೊಡೆದಾಟಕ್ಕೆ. ಅದರ ಪಕ್ಕದಲ್ಲೇ ಜಾಗ ಕಟ್ಟಿದರೆ, ಅಷ್ಟೊಂದು ಕಲ್ಲು ಸೇರಿ ಮಾಡಿದ ಗಳಿಕೆ ತೀರಾ ಕಮ್ಮಿ.

ಆಗ ಬೋರ್ಡಿನ ಇನ್ನೊಂದು ಕಡೆ ಏನು ಕಾದಿತ್ತು? ಬಲ ಬದಿಯ ನಡುವಿನ ಚುಕ್ಕೆಯ ಸುತ್ತಮುತ್ತ. ಬನ್ನಿ, ಹತ್ತಿರ ಬಂದು ನೋಡಿ, ಹಿಂದಿನ ಸಾಲಿನವರಿಗೆ ಕಾಣುತ್ತಿಲ್ಲ. ಮೇಲಿನಿಂದ ಬಿಳಿ ಸಾಲು ಇಲ್ಲಿಗೆ ಬಂದು ನಿಂತಿದೆ. ಕೆಳಗೆ ಶಿಮಾರಿ. ಕಪ್ಪು ಇಲ್ಲಿ ಇಟ್ಟರೆ ಒಂದೇ ಕಲ್ಲಿಗೆ ಎರಡು ಕೆಲಸ. ಶಿಮಾರಿ ಅಗಲವಾಗುತ್ತದೆ, ಬಿಳಿ ಸಾಲು ಅಲ್ಲೇ ನಿಲ್ಲುತ್ತದೆ. ಆ ಬಿಳಿ ಸಾಲು ಸಾಯುವುದಿಲ್ಲ, ಮೂಲೆಯಲ್ಲಿ ಬದುಕಿದೆ. ಆದರೆ ಮುದುರಿಕೊಳ್ಳುತ್ತದೆ. ಬಿಳಿ ಇಟ್ಟರೆ ಎಲ್ಲ ತಿರುಗುಮುರುಗು. ಬಿಳಿ ಹರಡಿಕೊಳ್ಳುತ್ತದೆ, ಶಿಮಾರಿ ಮೂಲೆಗೆ ಒತ್ತಿಕೊಳ್ಳುತ್ತದೆ. ಇಬ್ಬರಿಗೂ ದೊಡ್ಡದಾದ ಇಂಥ ಜಾಗ ಫುಸೇಕಿಯಲ್ಲಿ ಒಂದೋ ಎರಡೋ ಇರುತ್ತವೆ.

ಹದಿನಾರು: ಬಿಳಿ ಅಲ್ಲೇ ಇಟ್ಟಿತು.

ಇವರ ಎದುರಾಳಿ ಆಟ ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡಿದರಂತೆ. ಟೂರ್ನಮೆಂಟ್‌ಗಳಲ್ಲಿ ನನಗೆ ಅತಿ ಇಷ್ಟವಾದ ಪದ್ಧತಿ ಇದು. ಗೆದ್ದವರು, ಸೋತವರು ಇಬ್ಬರೂ ಸೇರಿ ಬೋರ್ಡ್ ಮೇಲೆ ಮತ್ತೆ ಕಲ್ಲು ಇಟ್ಟು ನೋಡುವುದು. ಸೋತು ಮುಖ ಸಣ್ಣದಾಗಿದ್ದರೂ ಎದ್ದು ಹೋಗಬೇಡಿ. ಕಂಪ್ಯೂಟರ್ ಹೇಳದ ಒಂದು ವಿಷಯ ಅಲ್ಲಿ ಸಿಗುತ್ತದೆ: ಎದುರಿನವರಿಗೆ ಯಾವಾಗ ಭಯವಾಗಿತ್ತು, ಯಾವಾಗ ನಿರಾಳವಾಯಿತು. ಅವರು ಹೇಳಿದ್ದು: "ಹನ್ನೆರಡು ಆಡಿದ ಮೇಲೆ ನೀವು ಬಲಗಡೆ ಬರ್ತೀರ ಅಂತ ಕಾಯ್ತಿದ್ದೆ. ಎರಡು ಸಲ ಬರ್ಲಿಲ್ಲ."

ಎರಡು ಸಲ ಅನ್ನುವುದನ್ನು ನೋಡಿ. ಹದಿಮೂರು ಒಂದು, ಹದಿನೈದು ಒಂದು. ಏಳನ್ನೂ ಸೇರಿಸಿದರೆ ಮೂರು. ಮೂರರಲ್ಲೂ ಇವರ ಕಣ್ಣು ಎಡಕ್ಕೇ ಇತ್ತು. ಬಿಳಿ ಏನು ಮಾಡುತ್ತದೋ ಅನ್ನುವ ಕಡೆಗೆ. ಸ್ವಂತ ಕಲ್ಲು ಇದ್ದ ಬಲಗಡೆ ಯಾವತ್ತಿದ್ದರೂ ತನ್ನದೇ, ಆಮೇಲೆ ನೋಡಿಕೊಂಡರಾಯಿತು ಅನ್ನುವ ಧೈರ್ಯ. ಇದು ಏಳನೇ ನಡೆಯ ತಪ್ಪು, ಹದಿನೈದನೇ ನಡೆಯ ತಪ್ಪು ಅಂತ ಬೇರೆ ಬೇರೆ ಅಲ್ಲ. ಒಂದೇ ಚಾಳಿ ಮೂರು ಕಡೆ ಕಾಣಿಸಿಕೊಂಡಿದೆ. ಹಾಳೆಯಲ್ಲಿ ಸಾಲು ಬರೆಸದೆ ಇದ್ದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಬರೀ ಕಲ್ಲು ನೋಡಿದ್ದರೆ, "ಏಳಕ್ಕೆ ದಿಕ್ಕು ತಪ್ಪು, ಹದಿನೈದು ಸಣ್ಣದು" ಅಂತ ಹೇಳಿ ಮುಗಿಸುತ್ತಿದ್ದೆ.

ಆಮೇಲೆ ಇವರ ಹಳೆಯ ಕೆಲವು ಆಟಗಳನ್ನೂ ತೆಗೆದು ಇದೇ ಕಣ್ಣಿನಿಂದ ನೋಡಿದೆವು. ಗೆದ್ದವೂ ಇದ್ದವು. ಅಲ್ಲೂ ಅದೇ. ಒಂದು ಆಟದಲ್ಲಿ ಹೀಗೇ ಮೇಲಿನಿಂದ ತಡೆದು, ಎದುರಾಳಿ ಬಲಗಡೆ ಆಡುವುದನ್ನು ಮರೆತಿದ್ದಕ್ಕೆ ಗೆದ್ದಿದ್ದರು. ಗೆಲುವು ಅಂಥ ಎಷ್ಟೋ ವಿಷಯಗಳನ್ನು ಮುಚ್ಚಿಡುತ್ತದೆ.

ಇಲ್ಲಿ ಒಬ್ಬರು ಹಿರಿಯರು, ಚೆಸ್ ಆಡುವವರು, ಒಂದು ಪ್ರಶ್ನೆ ಕೇಳಿದರು. "ಚೆಸ್‌ನಲ್ಲಿ ನಾವು ಓಪನಿಂಗ್ ಬಾಯಿಪಾಠ ಮಾಡ್ತೀವಿ. ಇಲ್ಲೂ ಜೋಸೆಕಿ ಬಾಯಿಪಾಠ ಮಾಡಿಬಿಟ್ರೆ ಆಗಲ್ವಾ?" ಆಗುತ್ತದೆ ಸ್ವಾಮಿ, ಅರ್ಧ. ಇವರು ಆಡಿದ ಏಳರಿಂದ ಹನ್ನೊಂದರವರೆಗಿನ ನಡೆ ಒಂದೊಂದೂ ಈಗಿನ ಜೋಸೆಕಿಯಲ್ಲಿ ಇರುವುದೇ. ಒಂದು ಕಲ್ಲೂ ತಪ್ಪಿಲ್ಲ. ಬಾಯಿಪಾಠ ಮೂಲೆಯ ಮಟ್ಟಿಗೆ ಸರಿ. ಆದರೆ ಗೋ ಬೋರ್ಡ್‌ನಲ್ಲಿ ಮೂಲೆ ನಾಲ್ಕು. ಒಂದು ಮೂಲೆಗೆ ಸರಿಯಾದ ಜೋಸೆಕಿ, ಉಳಿದ ಮೂರರಲ್ಲಿ ಏನಿದೆ ಅನ್ನುವುದರ ಮೇಲೆ ಪೂರ್ತಿ ತಪ್ಪಾಗಬಹುದು. ಚೆಸ್‌ನಲ್ಲಿ ಸಿಸಿಲಿಯನ್ ಅನ್ನುವ ಓಪನಿಂಗ್ ಆಡುವಾಗ ಬೋರ್ಡ್ ಪೂರ್ತಿ ಒಂದೇ ಸ್ಥಿತಿ, ಹಾಗಾಗಿ ಪಾಠ ಪೂರ್ತಿ ಕೆಲಸ ಮಾಡುತ್ತದೆ. ಅವರು ನಕ್ಕು, "ಹಂಗಾದ್ರೆ ನನ್ನ ವಯಸ್ಸಿಗೆ ಇದೇ ವಾಸಿ, ಬಾಯಿಪಾಠ ಕಮ್ಮಿ" ಅಂದರು.

ಇನ್ನೊಬ್ಬರು ಕೇಳಿದ್ದು, ಆಡುವಾಗ ನಡೆ ಬರೆದುಕೊಳ್ಳುವುದು ಹೇಗೆ ಅಂತ. ಫೋನ್ ಮುಟ್ಟಲು ಬಿಡದ ಟೂರ್ನಮೆಂಟ್ ಇರುತ್ತವೆ. ಅಲ್ಲಿ ಮುದ್ರಿಸಿದ 19 ಗೆರೆಯ ಹಾಳೆ ಇಟ್ಟುಕೊಂಡು ನಡೆಯ ನಂಬರ್ ಬರೆಯುತ್ತಾ ಹೋಗಿ. ಪೂರ್ತಿ ಆಟ ಬೇಡ, ಮೊದಲ 50 ಸಾಕು. ಆಮೇಲೆ ಸಮಯ ಇರುವುದಿಲ್ಲ, ಕೈಯೂ ನಡುಗುತ್ತಿರುತ್ತದೆ. ಮನೆಗೆ ಬಂದು ಎಸ್‌ಜಿಎಫ್ ಫೈಲ್, ಅಂದರೆ ಆಟದ ನಡೆಗಳನ್ನು ಉಳಿಸಿಡುವ ಫೈಲ್, ಮಾಡಿಟ್ಟುಕೊಳ್ಳಿ. ಯಾವ ಪ್ರೋಗ್ರಾಂ ಆದರೂ ಅದನ್ನು ತೆರೆಯುತ್ತದೆ. ಹಾಳೆ ಇಲ್ಲದಿದ್ದರೂ ಮೊದಲ ಮೂವತ್ತು ನಡೆ ನೆನಪಿನಲ್ಲಿ ಉಳಿಯುತ್ತವೆ, ಅದೇ ದಿನ ಕೂತು ಇಟ್ಟು ನೋಡಿದರೆ.

ನನ್ನ ಮಾತು ಇಷ್ಟೇ. ಹಿಂದೆ ಎರಡು ಟೇಬಲ್ ಮೇಲೆ ಫ್ಲೆಕ್ಸ್ ಬೋರ್ಡ್ ಹಾಸಿ, ಹನ್ನೆರಡನೇ ನಡೆಯವರೆಗಿನ ಕಲ್ಲು ಜೋಡಿಸಿಟ್ಟಿದ್ದೇವೆ. ಹದಿಮೂರು ಕಪ್ಪಿನ ಸರದಿ. ಕಾಫಿ ಬರುವವರೆಗೆ ಇಬ್ಬಿಬ್ಬರು ಕೂತು ಆಡಿ. ಬಲಗಡೆ ಆಡುವವರು ಒಂದು ಟೇಬಲ್, ಮೇಲೆ ಆಡುವವರು ಇನ್ನೊಂದು ಟೇಬಲ್. ಮೇಲಿನವರ ಪರವಾಗಿ ಇವರೇ ಕಪ್ಪು ಹಿಡಿಯುತ್ತಾರಂತೆ.